ಮೊದಲು ಏರಿಸಿದ ಬಿಳಿ ಟ್ರಕ್ಕು

‘ಯಾವುದು ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ.’

ಇಷ್ಟು ಬರೆದು ಐಲಿ ಪೆನ್ನಿಗೆ ಮುಚ್ಚಳ ಹಾಕಿದಳು. ಮತ್ತೆ ತೆಗೆದು, ‘ದೊಡ್ಡ ವಿಷಯವೇನಲ್ಲ, ನಾನು ಬರೆದದ್ದೇ ಸರಿ ಇರಬಹುದು’ ಎಂದು ಕೆಳಗೆ ಸೇರಿಸಿದಳು. ಮಧ್ಯಾಹ್ನದ ಬಿಡುವು. ಗ್ಯಾರೇಜಿನ ಕಚೇರಿಯ ಗಾಜಿನ ಕಿಂಡಿಯ ಹಿಂದೆ ಕೂತು ಅವಳು ದಿನಚರಿಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದಳು. ಮೇಜಿನ ಮೇಲಿಟ್ಟು ಬರೆಯುವ ಧೈರ್ಯ ನಿನ್ನೆಗೇ ಮುಗಿದಿತ್ತು.

ಪಿಕಪ್ ಟ್ರಕ್ಕುಗಳು ಎರಡು. ಎರಡೂ ಬಿಳಿ, ಒಂದೇ ಕಂಪನಿಯವು, ಎರಡಕ್ಕೂ ಇಪ್ಪತ್ತು ವರ್ಷ. ಮಿಶಿಗನ್ನಿನ ಈ ಉತ್ತರದ ತುದಿಯಲ್ಲಿ ಅದೇನೂ ಅಪರೂಪವಲ್ಲ. ಪಿಕಪ್ ಇಲ್ಲದ ಮನೆಯೇ ಇಲ್ಲ. ಅವುಗಳಲ್ಲಿ ಅರ್ಧ ಬಿಳಿ, ಉಳಿದರ್ಧವೂ ಫೆಬ್ರವರಿಯ ಹೊತ್ತಿಗೆ ಹಿಮ ಕರಗಿಸಲು ರಸ್ತೆಗೆ ಸುರಿಯುವ, ಕಬ್ಬಿಣ ತಿನ್ನುವ ಉಪ್ಪು ಮೆತ್ತಿಕೊಂಡು ಬಿಳಿಯೇ. ನಂಬರ್ ಪ್ಲೇಟು ಹಿಮದ ಹಿಂದೆ ಹೂತುಹೋಗಿರುತ್ತದೆ. ಕೀಲಿಯನ್ನು ಯಾರೂ ಗಾಡಿಯಿಂದ ತೆಗೆಯುವುದಿಲ್ಲ, ಹೀಗಾಗಿ ಕೀಲಿಗೆ ಹೆಸರು ಕಟ್ಟುವ ಪದ್ಧತಿಯೂ ಇಲ್ಲ. ಬಂದವರು ಗಾಡಿಯನ್ನು ಅಂಗಳದಲ್ಲಿ ಬಿಟ್ಟು, ಕಿಂಡಿಯೊಳಗೆ ತಲೆ ತೂರಿಸಿ, “ಏನೋ ಕಟಕಟ ಅನ್ನುತ್ತೆ, ನೋಡಿ” ಎಂದು ಹೇಳಿ ಹೋಗುತ್ತಾರೆ. ಆ ಎರಡು ಟ್ರಕ್ಕಿನ ಒಡೆಯರೂ ಹೇಳಿದ್ದು ಅದನ್ನೇ.

ಒಂದು ಡಾರ್ಲಾ ಮಾಕೆಲಳದು. ಐವತ್ತೈದರ ಹೆಂಗಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಟ್ರಕ್ಕಿನ ಮೂತಿಗೆ ಹಿಮ ನೂಕುವ ಹಲಗೆ ಕಟ್ಟಿಕೊಂಡು ಊರವರ ಅಂಗಳ, ಚರ್ಚಿನ ಮುಂಭಾಗ, ಆಸ್ಪತ್ರೆಯ ಓಣಿ ಇವನ್ನೆಲ್ಲ ಚೊಕ್ಕ ಮಾಡುವುದು ಅವಳ ಕಸುಬು. ಹಲಗೆಯನ್ನು ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದಳು. ಇನ್ನೊಂದು ಎವರ್ಟ್ ಕಂಗಸ್‌ನದು. ಶಾಲೆಯಲ್ಲಿ ಬ್ಯಾಂಡ್ ಕಲಿಸುವ ಮೇಷ್ಟ್ರು, ಮೂವತ್ತು ದಾಟಿದವನು. ನಿನ್ನೆ ಬೆಳಿಗ್ಗೆ ಗಾಡಿ ಬಿಟ್ಟು, ಕಿಂಡಿಯ ಆಚೆಯಿಂದ ನಕ್ಕು, ಹಿಮದಲ್ಲಿ ನಡೆದುಕೊಂಡು ಶಾಲೆಗೆ ಹೋಗಿದ್ದ.

ಅವನು ಹೋದ ಹತ್ತು ನಿಮಿಷಕ್ಕೆ ಡಾರ್ಲಾ ಬಂದಳು. ಐಲಿ ಒಳಗೆ ಕಾಫಿ ತರಲು ಎದ್ದಿದ್ದಳು. ದಿನಚರಿ ಮೇಜಿನ ಮೇಲೆಯೇ ಬಿದ್ದಿತ್ತು. ತಿರುಗಿ ಬರುವಷ್ಟರಲ್ಲಿ ಡಾರ್ಲಾ ಅದರ ಹಿಂದಿನ ಪುಟವೊಂದನ್ನು ಬಿಡಿಸಿ ಹಿಡಿದಿದ್ದಳು, ಬೆಂಚಿನ ಮೇಲೆ ಕಾಯುತ್ತಿದ್ದ ನಾಲ್ಕು ಗಂಡಸರಿಗೆ ಚರ್ಚಿನ ಪಾದ್ರಿಯ ಹಾಗೆ ಓದಿ ಹೇಳುತ್ತಿದ್ದಳು.

“ಕೇಳ್ರೋ ಕೇಳ್ರೋ. ‘ಇಂದು ಯಾರೊಂದಿಗೂ ಮಾತನಾಡಲಿಲ್ಲ. ಬ್ಯಾಂಡ್ ಮೇಷ್ಟ್ರು ಬಂದಾಗ ಪೆನ್ನು ಕೈಜಾರಿ ಬಿತ್ತು. ಅವರೇ ಎತ್ತಿಕೊಟ್ಟರು. ಬೆರಳು ಬೆಚ್ಚಗಿದ್ದವು.’ ಅಯ್ಯೋ ದೇವ್ರೇ, ಬೆಚ್ಚಗಿದ್ವಂತೆ! ಬೆರಳಷ್ಟೇನಾ ಕಣೇ, ಇನ್ನೇನಾದ್ರೂ ಬೆಚ್ಚಗಿತ್ತಾ?”

ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ತನ್ನ ಟೋಪಿಯನ್ನು ಬೇಕೆಂದೇ ನೆಲಕ್ಕೆ ಕೆಡವಿ, “ಅಯ್ಯೋ, ಬಿತ್ತು, ಯಾರಾದ್ರೂ ಎತ್ತಿಕೊಡ್ರಪ್ಪ” ಎಂದ. ಐಲಿ ಪುಸ್ತಕ ಕಸಿದುಕೊಳ್ಳಲಿಲ್ಲ. ಕೈ ಚಾಚಿ ನಿಂತಳು, ಅಷ್ಟೇ. ಡಾರ್ಲಾ ಅದನ್ನು ಅವಳ ಕೈಗಿಟ್ಟು ಗಲ್ಲ ತಟ್ಟಿದಳು.

“ಬೇಜಾರು ಮಾಡ್ಕೋಬೇಡ ಮೂಕಿ. ನಾಲ್ಕು ವರ್ಷ ಓದಿ ಡಿಗ್ರಿ ತಗೊಂಡ್ಯಲ್ಲ, ಒಂದು ಮಾತೂ ಕಲಿಸ್ಲಿಲ್ವಾ ಅಲ್ಲಿ?”

ಐಲಿ ಬಿಡಿಭಾಗಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಟೈರಿನ ವಾಸನೆಯ ಕತ್ತಲೆಯಲ್ಲಿ ನಿಂತು ಅತ್ತಳು. ಎಷ್ಟು ಹೊತ್ತೋ ತಿಳಿಯದು. ಹೊರಗೆ ಗಾಡಿ ಎತ್ತುವ ಯಂತ್ರ ಎರಡು ಸಲ ಏರಿ ಇಳಿದ ಸದ್ದು ಕೇಳಿಸಿತು. ನೋಡಲಿಲ್ಲ.

ಗ್ಯಾರೇಜು ಅವಳ ಸೋದರಮಾವ ಆರ್ವೋನದು. ಆರ್ವೋ ಪೆನ್ನು ಮುಟ್ಟುವವನಲ್ಲ. ಗಾಡಿಯಡಿಯಲ್ಲಿ ನಿಂತು ಸುತ್ತಿಗೆಯಿಂದ ಬಡಿದು ನೋಡುತ್ತಾನೆ, ಕಂಡದ್ದನ್ನು ಕಿಂಡಿಯ ಕಡೆಗೆ ಕೂಗುತ್ತಾನೆ, ಐಲಿ ಅದನ್ನು ಅಂದವಾದ ಅಕ್ಷರದಲ್ಲಿ ಚೀಟಿಗೆ ಇಳಿಸಬೇಕು. ಯಾವ ಭಾಗ ಕೆಟ್ಟಿದೆ, ಎಷ್ಟು ಖರ್ಚು, ಗಾಡಿ ರಸ್ತೆಗೆ ಯೋಗ್ಯವೋ ಅಲ್ಲವೋ. ಆ ಚೀಟಿಗೆ ಊರಲ್ಲಿ ಡಾಕ್ಟರ ಮಾತಿಗಿಂತ ಹೆಚ್ಚು ಬೆಲೆ.

ಕಣ್ಣೊರೆಸಿಕೊಂಡು ಅವಳು ಬಂದು ಕೂತಾಗ ಆರ್ವೋ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದ. ಎರಡೂ ಬಿಳಿ ಟ್ರಕ್ಕುಗಳು ಅಂಗಳಕ್ಕೆ ಮರಳಿದ್ದವು.

“ಬರ್ಕೋ. ಮೊದಲು ಏರಿಸಿದ್ನಲ್ಲ ಬಿಳೇದು, ಅದರ ಚಾಸಿ ಹೋಗಿದೆ, ಅಡಿಯ ಚೌಕಟ್ಟೇ ಕೊಳೆತಿದೆ. ಹಿಂದಿನ ಸ್ಪ್ರಿಂಗು ಕೂರೋ ಕಡೆ ಸುತ್ತಿಗೆ ಒಳಗೇ ಇಳೀತು. ಮೇಲೆ ಮಾತ್ರ ಸಿಪ್ಪೆ, ಒಳಗೆಲ್ಲ ತುಕ್ಕು. ಬ್ರೇಕಿನ ಪೈಪು ಅದರ ಪಕ್ಕಕ್ಕೇ ಅಂಟ್ಕೊಂಡಿದೆ. ಚಾಸಿ ಮುರಿದ ದಿನ ಬ್ರೇಕೂ ಹೋಗುತ್ತೆ. ಬೇರೆ ಚಾಸಿ ಹಾಕೋದಾದ್ರೆ ಎಂಟು ಸಾವಿರ ಡಾಲರ್, ಗಾಡಿ ಮೂರು ಸಾವಿರಾನೂ ಬಾಳಲ್ಲ. ರಸ್ತೆಗೆ ಇಳಿಸಬಾರದು ಅಂತ ದಪ್ಪಕ್ಕೆ ಬರಿ. ಇನ್ನೊಂದಕ್ಕೇನಿಲ್ಲ, ಮುಂದಿನ ಚಕ್ರ ತಿರುಗಿಸೋ ಬಾಲ್ ಜಾಯಿಂಟು ಸಡಿಲ ಆಗಿದೆ. ಆರ್ನೂರು. ಕೈ ಬಲ್ಲವರಾದ್ರೆ ಮನೇಲೇ ಹಾಕ್ಕೋಬಹುದು.”

ಅವನು ಬಾಗಿಲಲ್ಲಿದ್ದ. ವಿಸ್ಕಾನ್ಸಿನ್‌ನಲ್ಲಿ ಹಳೆಯ ಗಾಡಿಗಳ ಹರಾಜಿತ್ತು, ನಾಲ್ಕು ದಿನ ಬರುವವನಲ್ಲ. ಕೇಳಲು ಅವಳಿಗೆ ಮೂರು ಹೆಜ್ಜೆಯ ಕಾಲ ಇತ್ತು. ಆದರೆ ಕೇಳಿದರೆ, “ಯಾಕೆ, ಕಣ್ಣಿರಲಿಲ್ವಾ? ಎಲ್ಲಿ ಸತ್ತಿದ್ದೆ?” ಎನ್ನುತ್ತಾನೆ. ಬೆಂಚಿನ ಮೇಲಿನ ಗಂಡಸರು ಇನ್ನೂ ಅಲ್ಲೇ ಇದ್ದರು. ಎಲ್ಲಿದ್ದೆ ಎಂದು ಅವರೆದುರು ಹೇಳುವುದು ಹೇಗೆ?

ಬಾಗಿಲು ಮುಚ್ಚಿಕೊಂಡಿತು.

ಎರಡು ಚೀಟಿ ಬರೆದಳು, ಹೆಸರಿನ ಜಾಗ ಖಾಲಿ ಬಿಟ್ಟು. ನಂತರ ಯೋಚಿಸಿದಳು. ಹಿಮ ನೂಕುವ ಗಾಡಿ ಇಡೀ ಚಳಿಗಾಲ ಉಪ್ಪಿನಲ್ಲೇ ಓಡುತ್ತದೆ. ಮೂತಿಗೆ ಕ್ವಿಂಟಲ್‌ಗಟ್ಟಲೆ ಭಾರ ಕಟ್ಟಿರುತ್ತದೆ. ಕೊಳೆಯುವುದಾದರೆ ಅದೇ ಕೊಳೆಯಬೇಕು. ಮೇಷ್ಟ್ರ ಗಾಡಿಯನ್ನು ಅವರು ಹೋದ ವರ್ಷವಷ್ಟೇ ಹಿಮ, ಉಪ್ಪು ಕಾಣದ ದಕ್ಷಿಣದ ವ್ಯಾಪಾರಿಯೊಬ್ಬನಿಂದ ಕೊಂಡಿದ್ದರು, ಅಡಿಯೆಲ್ಲ ಕಪ್ಪಗೆ ಹೊಳೆಯುವಂತೆ ಟಾರು ಬಳಿದಿತ್ತು. ಯೋಚನೆ ಸರಿಯಾಗಿಯೇ ಇತ್ತು, ಯಾರಾದರೂ ಒಪ್ಪುವಂಥದ್ದು. ದಪ್ಪ ಅಕ್ಷರದ ಚೀಟಿಯ ಮೇಲೆ ‘ಡಾರ್ಲಾ ಮಾಕೆಲ’ ಎಂದು ಬರೆಯುವಾಗ ಮಾತ್ರ ಅವಳ ಕೈ ಎಂದಿಗಿಂತ ಹಗುರವಾಗಿ ಓಡಿತು.

ಆ ಹಗುರದ ವಿಷಯ ದಿನಚರಿಗೆ ಬರಲಿಲ್ಲ.

ಡಾರ್ಲಾ ಚೀಟಿಗಾಗಿ ಬಂದದ್ದು ಆ ಮಧ್ಯಾಹ್ನವೇ. ನಿಂತಲ್ಲೇ ಓದಿದಳು. ಮತ್ತೊಮ್ಮೆ ಓದಿದಳು. ಅವಳ ಮುಖದ ಮೇಲಿನ ಠೇಂಕಾರ ಒಂದೊಂದೇ ಪದರವಾಗಿ ಇಳಿಯುವುದನ್ನು ಐಲಿ ಕಿಂಡಿಯ ಹಿಂದಿನಿಂದ ನೋಡಿದಳು.

“ಚಾಸಿನಾ? ನನ್ನದಾ? ಲೇ, ಪ್ರತಿ ಶನಿವಾರ ಸೌನಾ ಸ್ನಾನದ ಬಿಸಿನೀರು ಹೊತ್ಕೊಂಡು ಹೋಗಿ ಅಡಿ ತೊಳೀತೀನಿ ನಾನು. ಶರತ್ಕಾಲ ಬಂತು ಅಂದ್ರೆ ಮರ ಕೊಯ್ಯೋ ಗರಗಸದ ಎಣ್ಣೆ ತಗೊಂಡು ಕೈಯಾರೆ ಸವರ್ತೀನಿ. ನನ್ನ ಗಂಡನಿಗೂ ಅಷ್ಟು ಸವರಿರಲಿಲ್ಲ.” ನಗಲು ನೋಡಿದಳು. ಆಗಲಿಲ್ಲ. “ಮತ್ತೆ ಕಟಕಟ ಮುಂದಿನಿಂದ ಬರ್ತಿತ್ತಲ್ಲ? ಹಿಂದಿನ ಸ್ಪ್ರಿಂಗು ಅಂತ ಬರೆದಿದೆ ಇಲ್ಲಿ. ಆರ್ವೋನೇ ಹೇಳಿದ್ನಾ?”

ಇದೇ ಆ ಗಳಿಗೆ. ಐಲಿಗೆ ಅದು ಆಗಲೇ ಗೊತ್ತಿತ್ತು. ಒಂದು ಫೋನು ಸಾಕಿತ್ತು, ‘ತಡಿ, ಇನ್ನೊಮ್ಮೆ ಕೇಳ್ತೀನಿ’ ಎಂಬ ನಾಲ್ಕು ಮಾತು ಸಾಕಿತ್ತು. ಅವಳು ತಲೆಯಾಡಿಸಿದಳು. ಹೌದು, ಆರ್ವೋ ಹೇಳಿದ್ದು.

“ಅವನೇ ಹೇಳಿದ ಅಂದ್ರೆ ಆಯ್ತು ಬಿಡು,” ಎಂದಳು ಡಾರ್ಲಾ. ಚೀಟಿಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿದಳು. “ಎಷ್ಟು ಚೆಂದ ಬರೆದಿದ್ದೀಯೇ ಮೂಕಿ. ಸಾವಿನ ಸರ್ಟಿಫಿಕೇಟಿಗೆ ಇಷ್ಟು ಮುದ್ದಾದ ಅಕ್ಷರ ನಾನು ನೋಡೇ ಇರಲಿಲ್ಲ.”

ಗ್ಯಾರೇಜಿನ ಇನ್ನೊಬ್ಬ ಮೆಕ್ಯಾನಿಕ್ ರೂಡಿ ಅಷ್ಟರಲ್ಲಿ ಕಿವಿ ನಿಮಿರಿಸಿಕೊಂಡು ಬಂದ. ಅವನು ಓಟ್ಸೋ ಕೆರೆಯ ಮೀನುಗಾರರ ಸಂಘದ ಕಾರ್ಯದರ್ಶಿ. ಪ್ರತಿ ಮಾರ್ಚಿನಲ್ಲಿ ಸಂಘದವರು ಕೆಲಸಕ್ಕೆ ಬಾರದ ಒಂದು ಗಾಡಿಯನ್ನು ಹೆಪ್ಪುಗಟ್ಟಿದ ಕೆರೆಯ ನಡುವೆ ಎಳೆದು ನಿಲ್ಲಿಸುತ್ತಾರೆ. ಐಸು ಕರಗಿ ಅದು ಯಾವ ದಿನ, ಎಷ್ಟು ಗಂಟೆಗೆ ಮುಳುಗುತ್ತದೆ ಎಂದು ಊರೆಲ್ಲ ಚೀಟಿ ಕೊಂಡು ಪಂದ್ಯ ಕಟ್ಟುತ್ತದೆ. ಸರಿಯಾಗಿ ಊಹಿಸಿದವರಿಗೆ ಬಹುಮಾನ, ಉಳಿದದ್ದು ಬ್ಯಾಂಡಿನ ಮಕ್ಕಳಿಗೆ. ಮುಳುಗಿದ್ದನ್ನು ಆಮೇಲೆ ಸರಪಳಿಯಿಂದ ಎಳೆದು ತೆಗೆಯುತ್ತಾರೆ. ಬಾಗಿಲ ಮೇಲೆ ಕೊನೆಯ ಒಡೆಯರ ಹೆಸರು ಬರೆಯುವುದು ವಾಡಿಕೆ.

“ಡಾರ್ಲಾ, ಗುಜರಿಯವನು ಎಷ್ಟು ಕೊಡ್ತಾನೋ ಅದರ ಮೇಲೆ ನೂರು ನಮ್ಮದು. ಊರೆಲ್ಲ ನಿನ್ನ ಹೆಸರು ನೋಡುತ್ತೆ.”

“ಮುಳುಗೋದನ್ನ ತಾನೇ?” ಎಂದು ಡಾರ್ಲಾ ಕಾಗದಕ್ಕೆ ಸಹಿ ಹಾಕಿದಳು.

ಎವರ್ಟ್ ಸಂಜೆ ಬಂದು ತನ್ನ ಚೀಟಿ ನೋಡಿ ಹಿಗ್ಗಿದ. “ಬಾಲ್ ಜಾಯಿಂಟು ಅಷ್ಟೇನಾ? ನಾನೆಲ್ಲೋ ಮುಗೀತು ಅಂದ್ಕೊಂಡಿದ್ದೆ. ಇದನ್ನ ನಾನೇ ಹಾಕ್ಕೋತೀನಿ, ವಿಡಿಯೋ ನೋಡ್ಕೊಂಡು.” ಅವನು ಹೊರಟಾಗ ಬಿಳಿ ಟ್ರಕ್ಕು ಅಂಗಳದ ತಿರುವಿನಲ್ಲಿ ಕಟಕಟ ಎಂದಿತು. ಸದ್ದು ಎಲ್ಲಿಂದ ಬಂತು ಎಂದು ಐಲಿ ಗಮನಿಸಲು ಹೋಗಲಿಲ್ಲ. ಗಮನಿಸದೆ ಇರಲು ಅವಳು ಸ್ವಲ್ಪ ಪ್ರಯತ್ನವನ್ನೇ ಪಟ್ಟಳು.

ಒಂದು ವಾರ ಕಳೆದು ಅವನು ಕಿಂಡಿಯಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಜಿಡ್ಡು ಹಿಡಿದ ಹಳೆಯ ಬಾಲ್ ಜಾಯಿಂಟು.

“ಐಲಿ, ಇದನ್ನೊಂದು ಆರ್ವೋಗೆ ತೋರಿಸ್ತೀಯಾ? ಎರಡು ದಿನ ನೆಲದ ಮೇಲೆ ಹೊರಳಾಡಿ ಬಿಚ್ಚಿದೆ. ನೋಡಿದ್ರೆ ಕಲ್ಲಿನ ಹಾಗೆ ಗಟ್ಟಿ ಇದೆ. ಹೊಸದು ಹಾಕಿದ್ಮೇಲೂ ಕಟಕಟ ಹಾಗೇ ಇದೆ. ಹಿಂದಿನಿಂದ ಬರುತ್ತೆ, ಸ್ವಲ್ಪ ಇಳಿದ ಸ್ವರ. ಡ್ರಮ್ಮಿನ ತೊಗಲು ಸಡಿಲ ಆದಾಗ ಬರುತ್ತಲ್ಲ ಹಾಗೆ.” ನಕ್ಕ. “ಆದ್ರೆ ಓಡುತ್ತೆ, ಅಷ್ಟು ಸಾಕು. ಡಾರ್ಲಾನೂ ನಾನೇ ಕರ್ಕೊಂಡು ಓಡಾಡ್ತಿದ್ದೀನಿ. ಪಾಪ, ಸಲಿಕೆ ಹಿಡ್ಕೊಂಡು ಅಂಗಳ ಗೋರ್ತಿದ್ದಾಳೆ. ಚರ್ಚಿನವರು ಬೇರೆಯವರನ್ನ ಗೊತ್ತು ಮಾಡ್ಕೊಂಡ್ರು.”

ಬಾಲ್ ಜಾಯಿಂಟನ್ನು ಐಲಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದರ ಗುಂಡನ್ನು ತಿರುಗಿಸಿ ನೋಡಿದಳು. ಅಲುಗಲಿಲ್ಲ.  ಎವರ್ಟ್ ಕೈ ಬೀಸಿ ಹೋದ. ಅವಳು ಅದನ್ನು ಆರ್ವೋಗೆ ತೋರಿಸಲಿಲ್ಲ. ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.

ಮರುದಿನ ಡಾರ್ಲಾಳ ಟ್ರಕ್ಕನ್ನು ಕೆರೆಗೆ ಅಣಿ ಮಾಡಲು ಯಂತ್ರದ ಮೇಲೆ ಏರಿಸಿದರು. ನೀರು ಕೆಡದಿರಲೆಂದು ಎಂಜಿನ್, ಗೇರ್‌ಬಾಕ್ಸ್, ಪೆಟ್ರೋಲ್ ಟ್ಯಾಂಕು ಎಲ್ಲ ತೆಗೆಯಬೇಕು. ಬೆಳಿಗ್ಗೆಯೇ ರೂಡಿ ಎಂಜಿನನ್ನು ಸರಪಳಿಗೆ ನೇತುಹಾಕಿ, ಗೇರ್‌ಬಾಕ್ಸಿನ ಆಸರೆಗಳನ್ನು ಬೆಂಕಿಯಿಂದ ಕೊಯ್ದು, ಕೊಳ್ಳುವವನಿಗೆ ಸಾಗಿಸಿಯೂ ಬಿಟ್ಟಿದ್ದ. ಮಧ್ಯಾಹ್ನ ಆರ್ವೋ ಸರಪಳಿ ಕಟ್ಟುವ ಜಾಗ ನೋಡಲು ಅಡಿಗೆ ಹೋದ. ಸುತ್ತಿಗೆಯ ಸದ್ದು ಬಂತು. ಠಣ್. ಇನ್ನೊಂದು ಕಡೆ, ಠಣ್. ಹಿಂದಿನ ಸ್ಪ್ರಿಂಗಿನ ಹತ್ತಿರ, ಶಾಲೆಯ ಗಂಟೆಯ ಹಾಗೆ, ಠಣ್.

ಸದ್ದು ನಿಂತಿತು.

“ಐಲಿ. ಬಾ ಇಲ್ಲಿ.”

ಹೋದಳು. ಗಾಡಿಯ ಅಡಿ ಎಣ್ಣೆಯಿಂದ ಮಿರುಗುತ್ತಿತ್ತು. ಡಾರ್ಲಾ ಸವರಿದ ಬೆರಳಿನ ಗೆರೆಗಳು ಕೂಡ ಕಾಣುತ್ತಿದ್ದವು.

“ಇದು ಯಾರ ಗಾಡಿ?”

ಅವಳು ಆ ಗೆರೆಗಳನ್ನೇ ನೋಡಿದಳು.

“ಬಾಯಿಬಿಡೇ. ನಾನು ಚಾಸಿ ಹೋಗಿದೆ ಅಂದಿದ್ದು ಕೊಳೆತಿದ್ದು ಕಾಣದ ಹಾಗೆ ಟಾರು ಬಳಿದಿರೋ ಗಾಡಿಗೆ. ಮೇಷ್ಟ್ರದು. ಮೊದಲು ಏರಿಸಿದ್ದು ಅದನ್ನ. ನೀನು ಯಾವುದಕ್ಕೆ ಬರೆದೆ?”

ರೂಡಿ ಬೆಂಕಿಯ ಕೊಳವೆಯನ್ನು ಕೆಳಗಿಟ್ಟು ಒಮ್ಮೆ ಸಿಳ್ಳೆ ಹಾಕಿದ. “ಅಯ್ಯಪ್ಪಾ! ಜೀವ ಇರೋವಾಗಲೇ ಹೆಣ ಕೊಯ್ದ ಹಾಗಾಯ್ತಲ್ಲ ಬಾಸ್.”

ಆರ್ವೋ ನಗಲಿಲ್ಲ, ಬೈಯಲೂ ಇಲ್ಲ. ಸುತ್ತಿಗೆಯಿಂದ ತನ್ನ ಅಂಗೈಯನ್ನು ಮೆಲ್ಲಗೆ ತಟ್ಟಿಕೊಳ್ಳುತ್ತ ಲೆಕ್ಕ ಹಾಕುತ್ತಿದ್ದ. ಡಾರ್ಲಾಳಿಗೆ ಗೊತ್ತಾದರೆ ಹೊಸ ಗಾಡಿ ಕೊಡಿಸಬೇಕು. ಊರಿಗೆ ಗೊತ್ತಾದರೆ ನಾಳೆಯಿಂದ ಯಾರೂ ಚೀಟಿ ನಂಬುವುದಿಲ್ಲ.

“ಅವಳು ಸಹಿ ಹಾಕಿದ್ದಾಳೆ. ಮುಗೀತು. ಮುಳುಗಿದ ಮೇಲೆ ಗಟ್ಟಿ ಇತ್ತೋ ಕೊಳೆತಿತ್ತೋ ಮೀನಿಗೆ ಗೊತ್ತು. ಮೇಷ್ಟ್ರಿಗೆ ಫೋನ್ ಮಾಡು. ಪುಕ್ಕಟೆ ಎಣ್ಣೆ ಬದಲಾಯಿಸ್ತೀವಿ, ಗಾಡಿ ತಗೊಂಡು ಬನ್ನಿ ಅನ್ನು. ಬಂದಮೇಲೆ ನಾನು ಈಗಷ್ಟೇ ನೋಡಿದ ಹಾಗೆ ಚಾಸಿ ವಿಷಯ ಹೇಳ್ತೀನಿ. ಮಿಕ್ಕಿದ್ದಕ್ಕೆ ಬಾಯಿ ಮುಚ್ಕೊಂಡಿರು.” ಅವಳತ್ತ ಬಾಗಿ ಪ್ರೀತಿಯಿಂದಲೇ ಎಂಬಂತೆ ಹೇಳಿದ: “ನಿನಗೆ ಚೆನ್ನಾಗಿ ಬರೋದು ಅದೊಂದೇ ಅಲ್ವಾ.”

ಫೋನು ಮಾಡಿದಳು. ಆ ಕಡೆ ಎವರ್ಟ್‌ನ ಹಿಂದೆ ಮಕ್ಕಳು ತುತ್ತೂರಿ ಊದುತ್ತಿದ್ದರು.

“ಎಣ್ಣೆನಾ? ಪುಕ್ಕಟೆನಾ? ಆರ್ವೋಗೆ ಜ್ವರಗಿರ ಬಂದಿದೆಯಾ?” ಎಂದು ಎವರ್ಟ್ ನಕ್ಕ. “ಸೋಮವಾರ ತರ್ತೀನಿ ಐಲಿ. ಭಾನುವಾರ ನನ್ನ ಮೀನು ಹಿಡಿಯೋ ಗುಡಿಸಲನ್ನ ಕೆರೆಯ ಐಸಿಂದ ಎಳೀಬೇಕು, ತಿಂಗಳು ಮುಗಿಯೋದ್ರೊಳಗೆ ತೆಗೀದಿದ್ರೆ ದಂಡ. ಅಲ್ಲಿ ಎಳೆದು, ದಿಬ್ಬ ಹತ್ತಿಸಿ, ಡಾರ್ಲಾನ ಮನೆಗೆ ಬಿಟ್ಟು, ಗುಡ್ಡ ಇಳಿದ್ರೆ ಮುಗೀತು. ಬೇರೆ ಏನಾದ್ರೂ ಹೇಳ್ಬೇಕಿತ್ತಾ?”

ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಐಲಿ ನಿಂತಳು. ಬೆರಳ ತುದಿ ನೀಲಿಯಾಯಿತು. “ಇಲ್ಲ,” ಎಂದಳು.

ಆರ್ವೋಗೆ, “ಸೋಮವಾರ ತರ್ತಾರಂತೆ” ಎಂದಷ್ಟೇ ಹೇಳಿದಳು. ಗುಡಿಸಲಿನ ಮಾತು ಹೇಳಲಿಲ್ಲ. ಹೇಳಿದ್ದರೆ ಅವನೇ ಏನಾದರೂ ಮಾಡುತ್ತಿದ್ದನೇನೋ. ಆದರೆ ಅವನು ಏನು ಮಾಡಿದರೂ ಕೊನೆಗೆ ಎವರ್ಟ್‌ಗೆ ಕಾರಣ ಗೊತ್ತಾಗುತ್ತದೆ, ಚೀಟಿ ಅದಲುಬದಲಾದದ್ದು ಗೊತ್ತಾಗುತ್ತದೆ, ಯಾಕೆ ಎಂದು ಯೋಚಿಸುತ್ತಾನೆ. ಆ ಯಾಕೆ ಅವನ ತಲೆಗೆ ಹೋಗುವುದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ. ಇಪ್ಪತ್ತು ವರ್ಷ ನಿಂತ ಚಾಸಿ ಇನ್ನೆರಡು ದಿನ ನಿಲ್ಲಲಾರದೇ, ಎಂದು ತನಗೆ ತಾನೇ ಹೇಳಿಕೊಂಡಳು.

ಶನಿವಾರ ರೂಡಿ ಬಣ್ಣದ ಡಬ್ಬ ತಂದು ಅವಳ ಮುಂದಿಟ್ಟ. “ಅಕ್ಷರ ಚೆಂದ ಇರೋದು ನಿಂದೇ. ಬಾಗಿಲ ಮೇಲೆ ಬರಿ, ದೊಡ್ಡದಾಗಿ. ಈ ಸಲ ಸರಿಯಾದ ಗಾಡಿಗೆ ಬರೀತಿದ್ದೀಯಾ ಅಂತ ಒಂದ್ಸಲ ನೋಡ್ಕೋ.” ಅವನ ನಗು ಗೋಡೆಗಳಿಗೆ ಬಡಿದು ಮರಳಿತು. ಐಲಿ ಕೆಂಪು ಬಣ್ಣದಲ್ಲಿ ಬರೆದಳು. ಹೆಸರಿನ ಕೊನೆಯ ಅಕ್ಷರ ಕೆಳಗೆ ಸೋರಿತು. ಒರೆಸಿ ಮತ್ತೆ ಬರೆದಳು.

ಭಾನುವಾರ ಚರ್ಚು ಬಿಟ್ಟ ಮೇಲೆ ಊರಿಗೆ ಊರೇ ಕೆರೆಯ ಮೇಲಿತ್ತು. ಬಿಸಿಲು, ಕಣ್ಣು ಕುಕ್ಕುವ ಬಿಳುಪು. ಹಲಗೆಯ ಮೇಜುಗಳ ಮೇಲೆ ಮಾಂಸ, ಆಲೂಗಡ್ಡೆ ತುಂಬಿದ ಕಡುಬಿನಂಥ ಬಿಸಿ ಪಾಸ್ಟಿಗಳು, ಏಲಕ್ಕಿ ಬ್ರೆಡ್ಡು, ಕಾಫಿಯ ದೊಡ್ಡ ಹಂಡೆ. ಬ್ಯಾಂಡಿನ ಮಕ್ಕಳು ಹೆಪ್ಪುಗಟ್ಟಿದ ತುಟಿಗಳಲ್ಲಿ ಏನೋ ಊದುತ್ತಿದ್ದರು. ಡಾರ್ಲಾಳ ಟ್ರಕ್ಕು ನಡುವಿನಲ್ಲಿ, ಮೂತಿಯೊಳಗೆ ಏನೂ ಇಲ್ಲದೆ, ಮುಂಭಾಗ ಮೇಲಕ್ಕೆದ್ದು ಆಕಾಶ ನೋಡುತ್ತ ನಿಂತಿತ್ತು. ಜನ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು.

“ಡಾರ್ಲಾ, ಯಾವತ್ತು ಮುಳುಗ್ತೀಯಾ? ನಾನು ಏಪ್ರಿಲ್ ಹನ್ನೊಂದು ಅಂತ ಬರೆದಿದ್ದೀನಿ!”

“ನಿನ್ನ ತಲೆ ಮೇಲೆ ಕೂತ್ಕೊಂಡು ಮುಳುಗ್ತೀನಿ ಕಣೋ!”

ಅವಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಆದರೆ ಟ್ರಕ್ಕಿನ ಹತ್ತಿರ ಬಂದಾಗಲೆಲ್ಲ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಕೈಗವಸು ತೆಗೆದಾಗ ಐಲಿ ನೋಡಿದಳು: ಸಲಿಕೆಯ ಹಿಡಿ ಅಂಗೈಯನ್ನು ಕಿತ್ತುಹಾಕಿತ್ತು, ಬೆರಳುಗಳಿಗೆ ಬಟ್ಟೆ ಸುತ್ತಿತ್ತು.

“ಬಂದ್ಯಾ ಮೂಕಿ? ನಿನ್ನ ಅಕ್ಷರ ನೋಡ್ಕೊಂಡು ಹೋಗೋಕಾ? ಲಕ್ಷಣವಾಗಿದೆ. ನನ್ನ ಗೋರಿಗೂ ನಿನಗೇ ಕೊಡ್ತೀನಿ ಕೆಲಸ.”

ಎವರ್ಟ್ ತನ್ನ ಟ್ರಕ್ಕನ್ನು ಹಿಂದೆ ತಂದು ಗುಡಿಸಲಿಗೆ ಕೊಂಡಿ ಹಾಕುತ್ತಿದ್ದ. ಮರದ ಗುಡಿಸಲು, ಒಳಗೆ ಕಬ್ಬಿಣದ ಒಲೆ, ಅಡಿಯ ಜಾರುಪಟ್ಟಿಗಳು ಐಸಿನಲ್ಲಿ ಗೇಣುದ್ದ ಹೂತಿದ್ದವು. ಪಂದ್ಯದ ಚೀಟಿ ಮಾರುತ್ತಿದ್ದ ಆರ್ವೋ ಅದನ್ನು ಆಗಲೇ ನೋಡಿದ್ದ. ಅವನ ಕೈ ಅರ್ಧಕ್ಕೆ ನಿಂತಿತು. ಎವರ್ಟ್‌ನನ್ನು ನೋಡಿದ, ದಡದ ಕಡಿದಾದ ದಿಬ್ಬವನ್ನು ನೋಡಿದ, ಅದರಾಚೆ ಹೆದ್ದಾರಿಗೆ ಇಳಿಯುವ ಗುಡ್ಡವನ್ನು ನೋಡಿದ. ಐಲಿಯ ಕಣ್ಣಿಗೆ ಅವನ ಕಣ್ಣು ಸಿಕ್ಕಿತು. ಮೆಲ್ಲಗೆ ತಲೆಯಾಡಿಸಿದ, ಬೇಡ ಎಂಬಂತೆ. ಆಮೇಲೆ ತಿರುಗಿ, “ಒಂದು ಚೀಟಿ ಎರಡು ಡಾಲರ್, ಮೂರಕ್ಕೆ ಐದು!” ಎಂದು ಕೂಗತೊಡಗಿದ.

ಡಾರ್ಲಾ ಉಳಿದ ಪಾಸ್ಟಿಗಳ ಬುಟ್ಟಿಯನ್ನು ಹೊತ್ತುಕೊಂಡು ಎವರ್ಟ್‌ನ ಪಕ್ಕದ ಸೀಟಿಗೆ ಹತ್ತಿ ಕೂತಳು. ಬಾಗಿಲು ಎಳೆದುಕೊಂಡಳು.

“ಮೊದಲು ಒಂದ್ಸಲ ಜಗ್ಗಿ ನೋಡಿ ಮೇಷ್ಟ್ರೇ!” ಎಂದು ಯಾರೋ ಅಂದರು.

ಎವರ್ಟ್ ಜಗ್ಗಿದ. ಟೈರು ಸುತ್ತಿತು, ಗುಡಿಸಲು ಕದಲಲಿಲ್ಲ. ಟ್ರಕ್ಕಿನ ಹಿಂಭಾಗ ಮಾತ್ರ ಮಂಡಿಯೂರಿದ ಹಾಗೆ ಕುಸಿದು ಮತ್ತೆ ಎದ್ದಿತು. ಎಲ್ಲರೂ ಗುಡಿಸಲನ್ನು ನೋಡುತ್ತಿದ್ದರು. ಐಲಿ ಟ್ರಕ್ಕಿನ ಅಡಿಯನ್ನು ನೋಡುತ್ತಿದ್ದಳು. ಕಪ್ಪು ಟಾರಿನ ಅಂಗೈಯಗಲದ ಸಿಪ್ಪೆಯೊಂದು ಕಳಚಿ ಐಸಿನ ಮೇಲೆ ಬಿತ್ತು. ಅದರ ಹಿಂದೆಯೇ ಕಂದು ಪುಡಿ, ಯಾರೋ ಮುಷ್ಟಿ ಬಿಡಿಸಿ ಸುರಿದ ಹಾಗೆ.

“ಇನ್ನೊಂದ್ಸಲ! ಜೋರಾಗಿ! ಹಿಂದಕ್ಕೆ ಬಂದು ಒಮ್ಮೆಲೇ!”

ಎವರ್ಟ್ ಗಾಡಿಯನ್ನು ಹಿಂದಕ್ಕೆ ತಂದ. ಐಲಿಯ ಕಾಲುಗಳು ತಾವಾಗಿಯೇ ನಡೆದವು. ಡಾರ್ಲಾಳ ಕಿಟಕಿಯ ಪಕ್ಕ ಬಂದು ನಿಂತು ಗಾಜಿನ ಮೇಲೆ ಕೈಯಿಟ್ಟಳು. ಬಾಯಿ ತೆರೆದಳು. ಸ್ವರ ಬಂದಿತು, ಆದರೆ ಬ್ಯಾಂಡಿನ ಸದ್ದಿನಲ್ಲಿ ಅವಳಿಗೇ ಅದು ಕೇಳಿಸಲಿಲ್ಲ.

ಡಾರ್ಲಾ ಗಾಜು ಇಳಿಸಿದಳು. “ಏನೇ? ಗೊಣಗಬೇಡ. ಮೇಷ್ಟ್ರ ಹತ್ರ ಏನಾದ್ರೂ ಬಿತ್ತಾ?” ಹಿಂದೆ ನಿಂತವರು ಗೊಳ್ಳೆಂದರು. ಎವರ್ಟ್ ಮುಜುಗರದಿಂದ ಸ್ಟಿಯರಿಂಗನ್ನು ನೋಡಿಕೊಂಡ.

“ಇಳಿ,” ಎಂದಳು ಐಲಿ.

“ಏನು?”

“ಗಾಡಿಯಿಂದ ಇಳಿ.”

“ಯಾಕೆ, ನೀನು ಕೂರ್ಬೇಕಾ ಇಲ್ಲಿ?” ನಗು ಇನ್ನೂ ಜೋರಾಯಿತು. ಆರ್ವೋ ಚೀಟಿಗಳ ಡಬ್ಬವನ್ನು ಕೆಳಗಿಟ್ಟು, “ಐಲಿ!” ಎಂದು ಕೂಗುತ್ತ ಐಸಿನ ಮೇಲೆ ಜಾರುತ್ತ ಬರುತ್ತಿದ್ದ. ಎವರ್ಟ್‌ನ ಕಾಲು ಪೆಡಲಿನ ಮೇಲಿತ್ತು. ಡಾರ್ಲಾಳ ಬಟ್ಟೆ ಸುತ್ತಿದ ಬೆರಳುಗಳು ಗಾಜನ್ನು ಮತ್ತೆ ಏರಿಸತೊಡಗಿದವು. ಐಲಿ ಗಾಜಿನ ಅಂಚನ್ನು ಹಿಡಿದುಕೊಂಡಳು, ಬೆರಳು ಸಿಕ್ಕಿಕೊಂಡರೂ ಬಿಡಲಿಲ್ಲ. ಕೆರೆಯ ಆಚೆ ದಡಕ್ಕೂ ಕೇಳಿಸುವ, ತನ್ನದೆಂದು ತಾನೇ ಗುರುತು ಹಿಡಿಯಲಾರದ ದನಿಯಲ್ಲಿ ಹೇಳಿದಳು:

“ನಿನ್ನ ಗಾಡಿ ಗಟ್ಟಿಯಾಗಿತ್ತು ಡಾರ್ಲಾ. ಕೊಳೆತಿರೋದು ಈಗ ನೀನು ಕೂತಿರೋದು. ನನಗೆ ಯಾವುದು ಅಂತ ಗೊತ್ತಿರಲಿಲ್ಲ, ನಿನ್ನದೇ ಆಗಿರಲಿ ಅಂತ ನಿನ್ನ ಹೆಸರು ಬರೆದೆ.”